‘ಅವರು ಹೇಳಿದರು, ನಾವು ಬರೆದೆವು’ ಎಂಬ ನೆಪ

ಬೇರೆ ದೇಶದ ಸರ್ಕಾರವೊಂದು ನಮ್ಮ ಪತ್ರಿಕೆಯಲ್ಲೋ ವಾಹಿನಿಯಲ್ಲೋ ಸುಳ್ಳು ತೂರಿಸಿದ್ದು ಬಯಲಾದಾಗಲೆಲ್ಲ ಸುದ್ದಿಮನೆಗಳಿಂದ ಬರುವ ಉತ್ತರ ಒಂದೇ. ಅವರು ಹೇಳಿದರು, ನಾವು ವರದಿ ಮಾಡಿದೆವು. ಓದುಗರು ಜಾಣರು, ಸರಿತಪ್ಪು ಅವರೇ ತೂಗಿ ನೋಡುತ್ತಾರೆ. ಇಷ್ಟಕ್ಕೂ ಈ ಕೆಲಸವನ್ನು ಯಾವ ದೇಶ ತಾನೆ ಮಾಡುವುದಿಲ್ಲ? ಈ ಮೂರು ಮಾತುಗಳು ನಮಗೆ ಎಷ್ಟು ಒಗ್ಗಿಹೋಗಿವೆಯೆಂದರೆ, ಪ್ರಶ್ನಿಸಿದವರನ್ನೇ ಪತ್ರಿಕಾ ಸ್ವಾತಂತ್ರ್ಯದ ವಿರೋಧಿಗಳೆಂದು ಅನುಮಾನಿಸುತ್ತಾರೆ. ಪತ್ರಿಕಾ ಸ್ವಾತಂತ್ರ್ಯದ ಪರವಾಗಿ ನಿಂತೇ ನಾನು ಈ ಮೂರನ್ನೂ ತಳ್ಳಿಹಾಕುತ್ತೇನೆ. ಅದರಲ್ಲೂ ಮೊದಲನೆಯದು ಜನರ ಪ್ರಾಣಕ್ಕೇ ಕುತ್ತು ತಂದಿರುವ ಮಾತು. ಅದಕ್ಕೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ, ದೆಹಲಿಯಲ್ಲೇ ಇದೆ.

1983ರ ಜುಲೈ ತಿಂಗಳಲ್ಲಿ ದೆಹಲಿಯ ‘ಪೇಟ್ರಿಯಟ್’ ಎಂಬ ಇಂಗ್ಲಿಷ್ ದೈನಿಕದಲ್ಲಿ ಒಂದು ಪತ್ರ ಅಚ್ಚಾಯಿತು. ಬರೆದವರು ಅಮೆರಿಕದ ಹೆಸರಾಂತ ವಿಜ್ಞಾನಿ, ಮಾನವಶಾಸ್ತ್ರಜ್ಞ ಎಂದಿತ್ತು, ಹೆಸರು ಇರಲಿಲ್ಲ. ಏಡ್ಸ್ ರೋಗವನ್ನು ಅಮೆರಿಕದ ಸೇನೆ ಮೇರಿಲ್ಯಾಂಡಿನ ಫೋರ್ಟ್ ಡೆಟ್ರಿಕ್ ಪ್ರಯೋಗಾಲಯದಲ್ಲಿ ಜೈವಿಕ ಅಸ್ತ್ರವಾಗಿ ತಯಾರಿಸಿದೆ, ಮುಂದಿನ ಪ್ರಯೋಗಗಳು ಪಾಕಿಸ್ತಾನದಲ್ಲಿ ನಡೆಯಲಿವೆ, ಅಲ್ಲಿಂದ ರೋಗ ಭಾರತಕ್ಕೂ ನುಗ್ಗಬಹುದು ಎಂಬುದು ಪತ್ರದ ಸಾರ. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ಆ ವೈರಾಣುವಿನ ಬಗ್ಗೆ ಮೊದಲ ಪ್ರಬಂಧ ಪ್ರಕಟಿಸಿ ಆಗಿನ್ನೂ ಎರಡು ತಿಂಗಳಾಗಿತ್ತು. ಭಾರತದಲ್ಲಿ ಒಂದೇ ಒಂದು ಪ್ರಕರಣವೂ ಪತ್ತೆಯಾಗಿರಲಿಲ್ಲ. ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಆಗಿನ ಮದ್ರಾಸಿನಲ್ಲಿ ದೇಶದ ಮೊದಲ ಪ್ರಕರಣಗಳನ್ನು ಕಂಡುಹಿಡಿದದ್ದು 1986ರಲ್ಲಿ. ಅಂದರೆ, ರೋಗ ಇಲ್ಲಿ ಕಾಣಿಸಿಕೊಳ್ಳುವ ಮೊದಲೇ ರೋಗದ ಬಗೆಗಿನ ಸುಳ್ಳು ನಮ್ಮ ರಾಜಧಾನಿಯಲ್ಲಿ ಅಚ್ಚಾಗಿತ್ತು.

ಆ ಪತ್ರದ ಹಿಂದೆ ಇದ್ದದ್ದು ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿ. ಅದು ಆ ಸುಳ್ಳನ್ನು ಮೊದಲು ತನ್ನ ದೇಶದ ಪತ್ರಿಕೆಗಳಲ್ಲಿ ಹಾಕಿಸಲಿಲ್ಲ ಎಂಬುದನ್ನು ಗಮನಿಸಬೇಕು. ಮಾಸ್ಕೋದ ಪತ್ರಿಕೆಯಲ್ಲಿ ಬಂದಿದ್ದರೆ ಜಗತ್ತಿನಲ್ಲಿ ಯಾರು ನಂಬುತ್ತಿದ್ದರು? ಅದಕ್ಕೆ ಬೇಕಿದ್ದದ್ದು ಸ್ವತಂತ್ರ ದೇಶವೊಂದರ, ಅಲಿಪ್ತ ದೇಶವೊಂದರ, ಪತ್ರಿಕಾ ಸ್ವಾತಂತ್ರ್ಯವಿರುವ ದೇಶವೊಂದರ ಪತ್ರಿಕೆ. ಎರಡು ವರ್ಷ ಸುಮ್ಮನಿದ್ದು, 1985ರ ಅಕ್ಟೋಬರ್ ಕೊನೆಯಲ್ಲಿ ಸೋವಿಯತ್ ವಾರಪತ್ರಿಕೆ ‘ಲಿತೆರಾತುರ್ನಾಯ ಗಜೆಟಾ’ ಅದೇ ಆರೋಪವನ್ನು ಮತ್ತೆ ಎತ್ತಿತು. ಆಧಾರವಾಗಿ ತೋರಿಸಿದ್ದು ಭಾರತದ ಪತ್ರಿಕೆಯನ್ನು. ಖೋಟಾನೋಟು ಬ್ಯಾಂಕಿನ ಕೌಂಟರಿನಿಂದಲೇ ಕೈಗೆ ಬಂದರೆ ಯಾರು ಬೆಳಕಿಗೆ ಹಿಡಿದು ನೋಡುತ್ತಾರೆ? ನಮ್ಮ ಪ್ರಜಾಪ್ರಭುತ್ವದ ಹೆಸರನ್ನು ಆ ಕೆಲಸಕ್ಕೆ ಬಳಸಿಕೊಂಡರು.

ಅಲ್ಲಿಂದಾಚೆ ಸುಳ್ಳಿಗೆ ತಡೆಯೇ ಇರಲಿಲ್ಲ. ಪೂರ್ವ ಜರ್ಮನಿಯ ನಿವೃತ್ತ ಜೀವಭೌತವಿಜ್ಞಾನಿ ಯಾಕೋಬ್ ಸೆಗಲ್ ಅದಕ್ಕೊಂದು ವೈಜ್ಞಾನಿಕ ವರದಿಯ ರೂಪ ಕೊಟ್ಟರು. 1986ರಲ್ಲಿ ಹರಾರೆಯಲ್ಲಿ ಅಲಿಪ್ತ ರಾಷ್ಟ್ರಗಳ ಶೃಂಗಸಭೆ ನಡೆದಾಗ ಆ ವರದಿಯ ಪ್ರತಿಗಳು ಅಲ್ಲಿ ಹಂಚಿಕೆಯಾದವು. ಅದೇ ವರ್ಷದ ಅಕ್ಟೋಬರಿನಲ್ಲಿ ಲಂಡನ್ನಿನ ‘ಸಂಡೇ ಎಕ್ಸ್‌ಪ್ರೆಸ್’ ಅದನ್ನು ಮುಖಪುಟದಲ್ಲಿ ಹಾಕಿತು. ಅದು ಸೋವಿಯತ್ ಪರ ಪತ್ರಿಕೆಯಲ್ಲ, ಕಟ್ಟಾ ಸಂಪ್ರದಾಯವಾದಿ ಪತ್ರಿಕೆ. 1987ರ ಮಾರ್ಚ್ ಕೊನೆಯಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಯ ಸಂಜೆಯ ವಾರ್ತೆಯಲ್ಲಿ ಡ್ಯಾನ್ ರಾದರ್, ಅಮೆರಿಕದ ಸೇನಾ ಪ್ರಯೋಗಾಲಯದಿಂದ ವೈರಾಣು ಸೋರಿತು ಎಂದು ಸೋವಿಯತ್ ಸೇನಾ ಪ್ರಕಟಣೆ ಹೇಳುತ್ತಿದೆ ಎಂದು ಓದಿದರು. ಹೇಳಿದ್ದು ಯಾರು ಎಂಬುದನ್ನು ಸೇರಿಸಿದ್ದರು, ಅದು ನಿಜವೇ ಎಂಬುದನ್ನು ಸೇರಿಸಲಿಲ್ಲ. ಆ ಹೊತ್ತಿಗೆ ಸುಳ್ಳು 80ಕ್ಕೂ ಹೆಚ್ಚು ದೇಶಗಳನ್ನು, 30ಕ್ಕೂ ಹೆಚ್ಚು ಭಾಷೆಗಳನ್ನು ತಲುಪಿತ್ತು. ಕೊನೆಗೆ 1987ರಲ್ಲಿ ಸೋವಿಯತ್ ವಿಜ್ಞಾನಿಗಳೇ ಆರೋಪದಿಂದ ದೂರ ಸರಿದರು. 1992ರಲ್ಲಿ ರಷ್ಯಾದ ವಿದೇಶಿ ಗುಪ್ತಚರ ಸಂಸ್ಥೆಯ ಮುಖ್ಯಸ್ಥ ಯೆವ್ಗೆನಿ ಪ್ರಿಮಾಕೊವ್ ಇದು ತಮ್ಮವರದೇ ಕೆಲಸವೆಂದು ಒಪ್ಪಿಕೊಂಡರು. ಮಧ್ಯ ಆಫ್ರಿಕಾದ ಚಿಂಪಾಂಜಿಗಳಿಂದ ಮನುಷ್ಯರಿಗೆ, ಇಪ್ಪತ್ತನೇ ಶತಮಾನದ ಆರಂಭದ ದಶಕಗಳಲ್ಲೇ ದಾಟಿ ಬಂದ ವೈರಾಣು ಅದು ಎಂದು ವಿಜ್ಞಾನ ತೋರಿಸಿಕೊಟ್ಟಿತು.

ಈಗ ಹೇಳಿ, ಜಾಣ ಓದುಗ ಏನು ಮಾಡಬೇಕಿತ್ತು? ದೆಹಲಿಯಲ್ಲಿ ಕುಳಿತು ಆ ಪತ್ರ ಓದಿದವನ ಬಳಿ ಅದನ್ನು ಪರೀಕ್ಷಿಸಲು ಏನಿತ್ತು? ಪ್ರಯೋಗಾಲಯ ಅವನಿಗೆ ಗೊತ್ತಿಲ್ಲ, ರೋಗ ಗೊತ್ತಿಲ್ಲ, ಬರೆದವನೂ ಗೊತ್ತಿಲ್ಲ. ಅವನು ಪತ್ರಿಕೆ ಕೊಂಡದ್ದೇ ತನ್ನ ಪರವಾಗಿ ಯಾರೋ ಒಬ್ಬರು ಪರೀಕ್ಷಿಸಿದ್ದಾರೆ ಎಂಬ ನಂಬಿಕೆಯಿಂದ. ಆ ಪರೀಕ್ಷೆಯನ್ನು ಮಾಡದೆ ಬಿಟ್ಟು, ಆಮೇಲೆ ಅವನ ಜಾಣತನವನ್ನು ಹೊಗಳುವುದು ಹೊಣೆಯಿಂದ ಜಾರಿಕೊಳ್ಳುವ ಉಪಾಯ. ಜನ ಜಾಣರಿದ್ದಾರೆ, ನಿಜ. ಆದರೆ ಮಾಹಿತಿಯ ಮೂಲವನ್ನೇ ಮುಚ್ಚಿಟ್ಟು ಕೊಟ್ಟರೆ ಎಂಥ ಜಾಣನೂ ಕುರುಡನೇ.

ಸುಳ್ಳು ತಾನಾಗಿ ಸಾಯುತ್ತದೆ ಎನ್ನುವವರು 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ನೋಡಲಿ. ಪ್ರಿಮಾಕೊವ್ ತಪ್ಪೊಪ್ಪಿಕೊಂಡು ಹದಿಮೂರು ವರ್ಷ ಕಳೆದಿದ್ದರೂ, ಪ್ರಶ್ನಿಸಲಾದ ಆಫ್ರಿಕನ್-ಅಮೆರಿಕನ್ನರಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಏಡ್ಸ್ ಸರ್ಕಾರಿ ಪ್ರಯೋಗಾಲಯದಲ್ಲಿ ತಯಾರಾಯಿತೆಂದು ನಂಬಿದ್ದರು. ಇಂಥ ನಂಬಿಕೆ ಗಟ್ಟಿಯಾಗಿದ್ದ ಗಂಡಸರು ಕಾಂಡೋಮ್ ಬಳಸುವುದು ಕಡಿಮೆ ಎಂಬುದೂ ಅದೇ ಅಧ್ಯಯನದಲ್ಲಿ ಕಂಡಿತು. ಆ ಜನರನ್ನು ದೂರಬೇಡಿ. ಟಸ್ಕೆಗೀಯಲ್ಲಿ 1932ರಿಂದ 1972ರವರೆಗೆ ಅಮೆರಿಕ ಸರ್ಕಾರವೇ ಕರಿಯ ಗಂಡಸರ ಸಿಫಿಲಿಸ್ ರೋಗಕ್ಕೆ ಚಿಕಿತ್ಸೆ ಕೊಡದೆ, ರೋಗ ಹೇಗೆ ಬೆಳೆಯುತ್ತದೆಂದು ನೋಡುತ್ತ ಕುಳಿತಿತ್ತು. ಆ ನಿಜವಾದ ಗಾಯ ಇದ್ದುದರಿಂದಲೇ ಈ ಸುಳ್ಳು ಅಲ್ಲಿ ಕಚ್ಚಿಕೊಂಡಿತು. ಪರದೇಶದ ಪ್ರಚಾರಕರು ಹುಡುಕುವುದೇ ಅದನ್ನು: ಜಾತಿಯದೋ ಧರ್ಮದ್ದೋ ಭಾಷೆಯದೋ, ಒಂದು ದೇಶದ ಮಾಯದ ಗಾಯ. ಹಾಗಿರುವಾಗ ಗಾಯಗಳಿಗೆ ಬರವಿಲ್ಲದ ನಮ್ಮ ದೇಶದಲ್ಲಿ ಸುದ್ದಿಮನೆಯ ಬಾಗಿಲಿಗೆ ಕಾವಲು ಬೇಡವೇ?

ಆ ಸುಳ್ಳು ಸತ್ತೂ ಇಲ್ಲ. 2020ರ ಮಾರ್ಚಿನಲ್ಲಿ ಚೀನಾದ ವಿದೇಶಾಂಗ ವಕ್ತಾರ ಝಾವೊ ಲಿಜಿಯನ್, ಕೊರೋನಾವನ್ನು ವೂಹಾನಿಗೆ ತಂದದ್ದು ಅಮೆರಿಕದ ಸೇನೆಯೇ ಇರಬಹುದು ಎಂದು ಟ್ವೀಟ್ ಮಾಡಿದರು. ಮುಂದಿನ ತಿಂಗಳುಗಳಲ್ಲಿ ಚೀನಾದ ಅಧಿಕೃತ ಮಾಧ್ಯಮಗಳು ಬೆರಳು ತೋರಿಸಿದ್ದು ಮತ್ತದೇ ಫೋರ್ಟ್ ಡೆಟ್ರಿಕ್ ಕಡೆಗೆ.

ಇಲ್ಲಿಗೆ ಬರುವಷ್ಟರಲ್ಲಿ ಮೂರನೇ ಉತ್ತರ ಸಿದ್ಧವಾಗಿರುತ್ತದೆ: ಅಮೆರಿಕವೇನು ಸಾಚಾನೇ? ಅಲ್ಲ. 2020ರ ವಸಂತದಿಂದ 2021ರ ಮಧ್ಯದವರೆಗೆ ಅಮೆರಿಕದ ಸೇನೆ ಫಿಲಿಪ್ಪೀನ್ಸ್ ಜನರ ಸೋಗಿನಲ್ಲಿ ನಕಲಿ ಖಾತೆಗಳನ್ನು ತೆರೆದು, ಚೀನಾದ ಸಿನೋವ್ಯಾಕ್ ಲಸಿಕೆಯ ಮೇಲೆ ಅನುಮಾನ ಬಿತ್ತಿತೆಂದು ರಾಯಿಟರ್ಸ್ 2024ರಲ್ಲಿ ಬಯಲು ಮಾಡಿತು. ಆ ದೇಶಕ್ಕೆ ಮೊದಲು ದೊರೆತ ಲಸಿಕೆ ಅದೇ ಆಗಿತ್ತು. ಚೀನಾವನ್ನು ಹಣಿಯಲು ಫಿಲಿಪ್ಪೀನ್ಸಿನ ಬಡವರ ಪ್ರಾಣವನ್ನು ಪಣಕ್ಕಿಟ್ಟರು. ಇನ್ನೂ ಹಿಂದೆ ಹೋದರೆ, 1955ರಲ್ಲಿ ನಮ್ಮಲ್ಲಿ ಆರಂಭವಾದ ‘ಕ್ವೆಸ್ಟ್’ ಪತ್ರಿಕೆಯ ಬೆನ್ನಿಗಿದ್ದ ಸಾಂಸ್ಕೃತಿಕ ಸ್ವಾತಂತ್ರ್ಯದ ಅಂತರರಾಷ್ಟ್ರೀಯ ಸಂಘಟನೆಗೆ ಹಣ ಬರುತ್ತಿದ್ದದ್ದು ಸಿಐಎಯಿಂದ ಎಂಬುದು 1960ರ ದಶಕದ ಕೊನೆಗೆ ಹೊರಬಿತ್ತು. ಸೋವಿಯತ್ ಕಡೆಯ ಲೆಕ್ಕವೂ ಇದೆ. ಕೆಜಿಬಿಯ ದಫ್ತರಪಾಲಕರಾಗಿದ್ದ ಮಿತ್ರೋಖಿನ್ ಅವರ ಕಡತಗಳನ್ನು ಆಧರಿಸಿ 2005ರಲ್ಲಿ ಬಂದ ಪುಸ್ತಕದ ಪ್ರಕಾರ, 1972ರ ಒಂದೇ ವರ್ಷದಲ್ಲಿ ಭಾರತದ ಪತ್ರಿಕೆಗಳಲ್ಲಿ 3,789 ಲೇಖನಗಳನ್ನು ಹಾಕಿಸಿದೆವು ಎಂದು ಕೆಜಿಬಿ ಹೇಳಿಕೊಂಡಿತ್ತು. ಮೇಲಧಿಕಾರಿಗಳನ್ನು ಮೆಚ್ಚಿಸಲು ಸಂಖ್ಯೆ ಉಬ್ಬಿಸಿರಬಹುದು. ಹತ್ತರಲ್ಲಿ ಒಂದು ಪಾಲು ನಿಜವಾಗಿದ್ದರೂ ದಿನಕ್ಕೊಂದರಂತೆ ಆಯಿತು.

ಎಲ್ಲರೂ ಮಾಡುತ್ತಾರೆ ಎಂಬುದು ನಿಜ. ಎಲ್ಲರೂ ಮಾಡುವುದರಿಂದಲೇ ಕಾವಲು ಬಿಗಿಯಾಗಬೇಕಲ್ಲವೇ? ಊರಿನ ತುಂಬ ಕಳ್ಳರಿದ್ದಾರೆ, ಆದ್ದರಿಂದ ಬೀಗ ಹಾಕುವುದು ವ್ಯರ್ಥ ಎನ್ನುವ ತರ್ಕ ಬೇರೆ ಯಾವ ವಿಷಯದಲ್ಲಾದರೂ ನಮಗೆ ಒಪ್ಪಿಗೆಯಾದೀತೇ? ಈ ವಾದ ಮಾಡುವವರು ಇನ್ನೊಂದು ಕೆಲಸವನ್ನೂ ಮಾಡುತ್ತಾರೆ: ತಮಗೆ ಪ್ರಿಯವಾದ ದೇಶದ ಪ್ರಚಾರವನ್ನು ಅಭಿಪ್ರಾಯವೆಂದೂ, ಅಪ್ರಿಯವಾದ ದೇಶದ್ದನ್ನು ಪಿತೂರಿಯೆಂದೂ ಕರೆಯುತ್ತಾರೆ. ಎಡಪಂಥೀಯರಿಗೆ ಸಿಐಎ ಮಾತ್ರ ಕಾಣುತ್ತದೆ, ಬಲಪಂಥೀಯರಿಗೆ ಬೀಜಿಂಗ್ ಮಾತ್ರ. ಇಬ್ಬರೂ ಸೇರಿ ಓದುಗನನ್ನು ಕೈಬಿಟ್ಟಿದ್ದಾರೆ.

ನಮ್ಮವರೇ ಹೊರದೇಶದ ಮುಖವಾಡ ತೊಟ್ಟು ನಮ್ಮನ್ನು ನಂಬಿಸಿದ ಪ್ರಕರಣವೂ ಇದೆ. ಬ್ರಸೆಲ್ಸಿನ ‘ಇಯು ಡಿಸಿನ್ಫೋಲ್ಯಾಬ್’ 2020ರ ಡಿಸೆಂಬರಿನಲ್ಲಿ ಹೊರತಂದ ವರದಿ, ದೆಹಲಿಯ ಶ್ರೀವಾಸ್ತವ ಗ್ರೂಪ್ ನಡೆಸುತ್ತಿದ್ದ ಜಾಲವೊಂದನ್ನು ಬಿಚ್ಚಿಟ್ಟಿತು. ಹದಿನೈದು ವರ್ಷಗಳ ಕಾಲ, 119 ದೇಶಗಳ ಹೆಸರಿನಲ್ಲಿ 750ಕ್ಕೂ ಹೆಚ್ಚು ನಕಲಿ ಸುದ್ದಿತಾಣಗಳು. 2006ರಲ್ಲೇ ತೀರಿಕೊಂಡಿದ್ದ ಅಮೆರಿಕದ ಅಂತರರಾಷ್ಟ್ರೀಯ ಕಾನೂನು ವಿದ್ವಾಂಸ ಲೂಯಿ ಸೋನ್ ಅವರನ್ನು 2007ರ ಸಭೆಯೊಂದರಲ್ಲಿ ಭಾಗವಹಿಸಿದಂತೆ ತೋರಿಸಲಾಗಿತ್ತು. ಪಾಕಿಸ್ತಾನವನ್ನು ಖಂಡಿಸುವ ಮಾತುಗಳು ಯೂರೋಪಿನ ಪತ್ರಿಕೆಯ ಸೋಗಿನ ತಾಣದಲ್ಲಿ ಬರುತ್ತಿದ್ದವು, ಅಲ್ಲಿಂದ ಎಎನ್‌ಐ ಸುದ್ದಿಸಂಸ್ಥೆಯ ಮೂಲಕ ಭಾರತದ ಸುದ್ದಿಮನೆಗಳಿಗೆ ತಲುಪುತ್ತಿದ್ದವು ಎಂದು ವರದಿ ಹೇಳಿತು. ಯೂರೋಪೇ ಹೀಗೆ ಹೇಳುತ್ತಿದೆ ಎಂದು ನಾವು ಓದಿದೆವು. ಪಾಕಿಸ್ತಾನದ ಬಗ್ಗೆ ಸತ್ಯ ಹೇಳುವುದಕ್ಕೆ ಸತ್ತವರನ್ನು ಎಬ್ಬಿಸುವ ಅಗತ್ಯವೇನಿತ್ತು? ಆ ಸುದ್ದಿಗಳನ್ನು ಹಾಕಿದವರಲ್ಲಿ ಎಷ್ಟು ಮಂದಿ, ತಾವು ಮೋಸಹೋದೆವೆಂದು ಆಮೇಲೆ ತಮ್ಮ ಓದುಗರಿಗೆ ತಿಳಿಸಿದರು?

ಇದಕ್ಕೆಲ್ಲ ಮೂಲ ಒಂದೇ. ಸುದ್ದಿ ಎಲ್ಲಿಂದ ಬಂತು, ಯಾರ ದುಡ್ಡಿನಿಂದ ಬಂತು ಎಂದು ಕೇಳದಿರುವುದು. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ, ರಷ್ಯಾದ ಸರ್ಕಾರಿ ವಾಹಿನಿ ಆರ್‌ಟಿಯ ಇಬ್ಬರು ಉದ್ಯೋಗಿಗಳು ಟೆನೆಸಿಯ ಮಾಧ್ಯಮ ಕಂಪನಿಯೊಂದಕ್ಕೆ ಸುಮಾರು ಒಂದು ಕೋಟಿ ಡಾಲರ್ ಹರಿಸಿದರೆಂದು ಆರೋಪಪಟ್ಟಿ ಸಲ್ಲಿಸಿತು. ಆ ಕಂಪನಿಗಾಗಿ ವೀಡಿಯೊ ಮಾಡುತ್ತಿದ್ದ ಹೆಸರಾಂತ ನಿರೂಪಕರು, ದುಡ್ಡಿನ ಮೂಲ ತಮಗೆ ಗೊತ್ತೇ ಇರಲಿಲ್ಲ ಎಂದರು. ಅವರ ಮಾತನ್ನು ನಂಬೋಣ. ಗೊತ್ತಿಲ್ಲದಿರುವುದೇ ಇಲ್ಲಿ ಅಪರಾಧ. ಜನರ ಮುಂದೆ ಕುಳಿತು ಮಾತಾಡಿ ಸಂಪಾದಿಸುವವನು ತನ್ನ ಸಂಬಳ ಯಾರು ಕೊಡುತ್ತಾರೆಂದು ತಿಳಿಯಲು ಹೋಗುವುದಿಲ್ಲವೆಂದರೆ, ಅವನ ಮಾತನ್ನು ನಾವೇಕೆ ಕೇಳಬೇಕು?

ಬಹಿರಂಗ ಪ್ರಚಾರದ ಬಗ್ಗೆ ನನ್ನ ತಕರಾರು ಇಷ್ಟಿಲ್ಲ. ‘ಸೋವಿಯತ್ ಲ್ಯಾಂಡ್’ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಬರುತ್ತಿತ್ತು. ಅದರ ನುಣುಪು ಹಾಳೆಗಳನ್ನು ಶಾಲೆಯ ಪುಸ್ತಕಗಳಿಗೆ ಬೈಂಡು ಹಾಕಿಕೊಂಡ ಒಂದು ತಲೆಮಾರೇ ಇದೆ. ಅದು ಯಾರದು, ಯಾಕೆ ಇಷ್ಟು ಅಗ್ಗ ಎಂಬುದು ಎಲ್ಲರಿಗೂ ಗೊತ್ತಿತ್ತು. ಹೆಸರು ಹೇಳಿಕೊಂಡು ಬಂದ ಮಾತನ್ನು ತೂಗಬಹುದು, ಒಪ್ಪಬಹುದು, ಬಿಡಬಹುದು. ‘ಪೇಟ್ರಿಯಟ್’ನ ಆ ಪತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸವೇ ನಾನು ಕೇಳುತ್ತಿರುವ ಸುಧಾರಣೆಯ ತಿರುಳು.

ಜಾಹೀರಾತಿನ ವಿಷಯದಲ್ಲೂ ಹೀಗೆಯೇ. ಚೀನಾ ಸರ್ಕಾರದ ‘ಚೈನಾ ಡೈಲಿ’ ಪತ್ರಿಕೆ ವರ್ಷಗಟ್ಟಲೆ ‘ವಾಷಿಂಗ್ಟನ್ ಪೋಸ್ಟ್’, ‘ವಾಲ್‌ಸ್ಟ್ರೀಟ್ ಜರ್ನಲ್’ಗಳಲ್ಲಿ ಸುದ್ದಿಯ ವೇಷದ ಪುರವಣಿಗಳನ್ನು ಹಾಕಿಸಿತು. 2016ರ ಕೊನೆಯಿಂದ 2020ರ ನಡುವೆ ಮೊದಲನೆಯದಕ್ಕೆ 46 ಲಕ್ಷ ಡಾಲರಿಗಿಂತ ಹೆಚ್ಚು, ಎರಡನೆಯದಕ್ಕೆ ಸುಮಾರು 60 ಲಕ್ಷ ಡಾಲರ್ ಕೊಟ್ಟಿತ್ತು. ಈ ಲೆಕ್ಕ ನಮಗೆ ಸಿಕ್ಕಿದ್ದು ಹೇಗೆ? ವಿದೇಶಿ ಸರ್ಕಾರಗಳ ಪರ ಕೆಲಸ ಮಾಡುವವರು ಅಮೆರಿಕದಲ್ಲಿ ನೋಂದಾಯಿಸಿಕೊಂಡು ಖರ್ಚಿನ ಲೆಕ್ಕ ಸಲ್ಲಿಸಬೇಕು. ಅದನ್ನು ಯಾರು ಬೇಕಾದರೂ ನೋಡಬಹುದು. ನಾಜಿ ಜರ್ಮನಿಯ ಪ್ರಚಾರಕರು ಅಮೆರಿಕನ್ನರ ಬಾಯಿಂದಲೇ ತಮ್ಮ ಮಾತು ಆಡಿಸುತ್ತಿದ್ದಾಗ, 1938ರಲ್ಲಿ ತಂದ ಕಾನೂನು ಅದು. ಅದು ಪ್ರಚಾರವನ್ನು ನಿಷೇಧಿಸುವುದಿಲ್ಲ, ಮುಸುಕು ತೆಗೆಸುತ್ತದೆ.

ನಮ್ಮಲ್ಲಿ? 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ ಪತ್ರಿಕೆಯ ಸಂಪಾದಕರು, ವರದಿಗಾರರು, ಅಂಕಣಕಾರರು, ಮಾಲೀಕರು ಹೊರದೇಶದ ವಂತಿಗೆ ಪಡೆಯಬಾರದು ಎನ್ನುತ್ತದೆ. ಆದರೆ ವ್ಯವಹಾರದ ಸಹಜ ಪಾವತಿಗೆ ಅದರಲ್ಲಿ ವಿನಾಯಿತಿ ಇದೆ. ಜಾಹೀರಾತು ಎಂದರೆ ವ್ಯವಹಾರ. ಗಲ್ವಾನ್ ಕಣಿವೆಯಲ್ಲಿ ನಮ್ಮ ಇಪ್ಪತ್ತು ಯೋಧರು ಪ್ರಾಣ ಕೊಟ್ಟ ವರ್ಷವೇ, 2020ರ ಅಕ್ಟೋಬರ್ 1ರಂದು, ‘ದಿ ಹಿಂದೂ’ ಪತ್ರಿಕೆಯಲ್ಲಿ ಚೀನಾದ ರಾಷ್ಟ್ರೀಯ ದಿನದ ಪೂರ್ಣಪುಟ ಜಾಹೀರಾತು ಬಂತು. ಅದು ಜಾಹೀರಾತೆಂದು ಓದುಗರಿಗೆ ತಿಳಿದಿತ್ತು, ಆದ್ದರಿಂದಲೇ ಅವರು ಸಿಟ್ಟಾಗಿ ಪ್ರಶ್ನಿಸಲೂ ಸಾಧ್ಯವಾಯಿತು. ಆದರೆ ಭಾರತದ ಪತ್ರಿಕೆಗಳು, ವಾಹಿನಿಗಳು ಯಾವ ಯಾವ ದೇಶದ ಸರ್ಕಾರದಿಂದ ವರ್ಷಕ್ಕೆ ಎಷ್ಟು ಪಡೆಯುತ್ತವೆ ಎಂದು ಓದುಗನೊಬ್ಬ ತೆರೆದು ನೋಡಬಹುದಾದ ದಾಖಲೆ ಎಲ್ಲಿದೆ? ಹೊರದೇಶದ ಸರ್ಕಾರದ ಖರ್ಚಿನಲ್ಲಿ ಅಲ್ಲೆಲ್ಲ ಸುತ್ತಿ ಬಂದ ಪತ್ರಕರ್ತ ಬರೆದ ಲೇಖನದ ಕೆಳಗೆ, ಈ ಪ್ರವಾಸದ ವೆಚ್ಚ ಭರಿಸಿದವರು ಯಾರು ಎಂಬ ಒಂದು ಸಾಲು ಹಾಕಿಸಲು ಎಷ್ಟು ಖರ್ಚಾಗುತ್ತದೆ?

ಹಾಗಾದರೆ ಸರ್ಕಾರವೇ ಕಡಿವಾಣ ಹಾಕಲಿ ಎನ್ನುವವರಿದ್ದಾರೆ. ಈ ಮದ್ದು ರೋಗದಷ್ಟೇ ಕೆಟ್ಟದ್ದು. ತನಗೆ ಸಂಬಂಧಿಸಿದ ಸುದ್ದಿಯಲ್ಲಿ ಯಾವುದು ಸುಳ್ಳೆಂದು ತಾನೇ ತೀರ್ಮಾನಿಸುವ ಸತ್ಯಶೋಧನಾ ಘಟಕಕ್ಕಾಗಿ ಕೇಂದ್ರ 2023ರಲ್ಲಿ ನಿಯಮ ತಂದಿತು, ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ಅದನ್ನು ರದ್ದು ಮಾಡಿತು. 2025ರಲ್ಲಿ ಕರ್ನಾಟಕದ ಸುಳ್ಳುಸುದ್ದಿ ಮಸೂದೆಯ ಕರಡು ಏಳು ವರ್ಷದವರೆಗೆ ಜೈಲು ಎಂದಿತು. ಪಕ್ಷ ಯಾವುದಾದರೂ ಆಸೆ ಒಂದೇ. ‘ನ್ಯೂಸ್‌ಕ್ಲಿಕ್’ ಸಂಪಾದಕ ಪ್ರಬೀರ್ ಪುರಕಾಯಸ್ಥ ಅವರನ್ನು ಚೀನಾದ ಹಣದ ಆರೋಪದ ಮೇಲೆ 2023ರ ಅಕ್ಟೋಬರಿನಲ್ಲಿ ಭಯೋತ್ಪಾದನೆ ತಡೆಯುವ ಕಾನೂನಿನಡಿ ಬಂಧಿಸಿದರು. ಬಂಧನದ ಕಾರಣಗಳನ್ನು ಬರವಣಿಗೆಯಲ್ಲಿ ಕೊಟ್ಟೇ ಇಲ್ಲ, ಬಂಧನವೇ ಅಸಿಂಧು ಎಂದು ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ಹೇಳುವವರೆಗೆ ಅವರು ಏಳು ತಿಂಗಳು ಸೆರೆಯಲ್ಲಿದ್ದರು. ಎಲ್ಲರಿಗೂ ಅನ್ವಯಿಸುವ ಬಹಿರಂಗ ಲೆಕ್ಕದ ಕಾನೂನು ಇದ್ದಿದ್ದರೆ ಹಣದ ಪ್ರಶ್ನೆಗೆ ಉತ್ತರ ಕಡತದಲ್ಲೇ ಇರುತ್ತಿತ್ತು. ಅದು ಇಲ್ಲದ ಕಡೆ ‘ವಿದೇಶಿ ಕೈ’ ಎಂಬ ಮಾತು ಆಳುವವರ ಬಡಿಗೆಯಾಗುತ್ತದೆ. ಅವರು ತಮಗೆ ಬೇಡವಾದವರ ಮೇಲೆ ಬೀಸುತ್ತಾರೆ, ಬೇಕಾದವರನ್ನು ಬಿಡುತ್ತಾರೆ.

ಆದ್ದರಿಂದ ಕೇಳಬೇಕಾದದ್ದು ಮೂಲದ ಘೋಷಣೆ. ಇದು ನಮಗೆ ಹೊಸದೇನಲ್ಲ. ಅಚ್ಚಾದ ಪ್ರತಿ ಪತ್ರಿಕೆಯೂ ಮುದ್ರಕರ ಹೆಸರು, ಮುದ್ರಿಸಿದ ಸ್ಥಳ ತೋರಿಸಬೇಕೆಂದು 1867ರ ಕಾನೂನೇ ಹೇಳಿತ್ತು. ಕಾಗದದ ಮೂಲ ತೋರಿಸಬೇಕು ಎಂದು ಒಪ್ಪಿ ಒಂದೂವರೆ ಶತಮಾನ ದಾಟಿದೆ, ಕಾಗದದ ಮೇಲಿನ ಮಾತಿನ ಮೂಲ ತೋರಿಸಲು ಏಕೆ ಹಿಂಜರಿಕೆ? ಹೊರದೇಶದ ಸರ್ಕಾರ, ಅದರ ಕಂಪನಿ, ಅದರ ರಾಯಭಾರ ಕಚೇರಿಯಿಂದ ಬಂದ ಪ್ರತಿ ರೂಪಾಯಿಯನ್ನೂ ಮಾಧ್ಯಮ ಸಂಸ್ಥೆಗಳು ಸಾರ್ವಜನಿಕ ದಾಖಲೆಯಲ್ಲಿ ತೋರಿಸುವಂತೆ ಸಂಸತ್ತು ಕಾನೂನು ಮಾಡಲಿ. ಅದರ ಮೇಲ್ವಿಚಾರಣೆ ಗೃಹ ಇಲಾಖೆಯ ಕೈಗೆ ಹೋಗಕೂಡದು. ಎಚ್ಚರಿಕೆ, ಛೀಮಾರಿಗಳಾಚೆ ಅಧಿಕಾರವೇ ಇಲ್ಲದ ಭಾರತೀಯ ಪತ್ರಿಕಾ ಮಂಡಳಿಗೆ, ತಿದ್ದುಪಡಿಯನ್ನು ತಪ್ಪು ಬಂದಷ್ಟೇ ಜಾಗದಲ್ಲಿ, ಅದೇ ಪುಟದಲ್ಲಿ ಹಾಕಿಸುವ ಅಧಿಕಾರ ಕೊಡಲಿ.

ಕನ್ನಡದ ಸುದ್ದಿಮನೆಗಳು ಕಾನೂನಿಗೆ ಕಾಯಬೇಕಾಗಿಲ್ಲ. ನಮ್ಮ ವಿದೇಶ ಪುಟ ಹೆಚ್ಚಾಗಿ ಸುದ್ದಿಸಂಸ್ಥೆಗಳ ಇಂಗ್ಲಿಷ್ ವರದಿಯ ಅನುವಾದ. ರಾತ್ರಿ ಪಾಳಿಯ ಉಪಸಂಪಾದಕ ಹೊತ್ತು ಮೀರುವ ಮೊದಲು ಪುಟ ಬಿಡಬೇಕು. ಅವನನ್ನು ದೂರಿ ಫಲವಿಲ್ಲ. ‘ಏಜೆನ್ಸೀಸ್’ ಎಂಬ ಒಂದೇ ಪದದಡಿ ಐದಾರು ಮೂಲಗಳನ್ನು ಬೆರೆಸಿ ಹಾಕುವ ರೂಢಿಯನ್ನು ಮಾಲೀಕರು, ಸಂಪಾದಕರು ಇಂದೇ ನಿಲ್ಲಿಸಬಹುದು. ಹೇಳಿದವರು ಯಾರು, ಅವರಿಗೂ ಆ ಸರ್ಕಾರಕ್ಕೂ ಏನು ಸಂಬಂಧ, ನಾವು ಬೇರೆಡೆ ಖಚಿತಪಡಿಸಿಕೊಂಡೆವೇ ಇಲ್ಲವೇ ಎಂಬುದನ್ನು ಸುದ್ದಿಯ ಎರಡನೇ ಪ್ಯಾರಾದಲ್ಲೇ ಬರೆಯಬಹುದು. ಚುನಾವಣೆ ಹೊತ್ತಿನ ‘ಕಾಸಿಗಾಗಿ ಸುದ್ದಿ’ಯ ಬಗ್ಗೆ ಇಷ್ಟೊಂದು ಮಾತಾಡಿದ ನಾವು, ಪರದೇಶದ ಕಾಸಿನ ಸುದ್ದಿಯ ಬಗ್ಗೆ ಬಾಯಿ ಬಿಡದಿರುವುದು ಏಕೆ?

2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಉಪಪ್ರಧಾನಿ ಇಶಾಕ್ ದಾರ್, ಲಂಡನ್ನಿನ ಪತ್ರಿಕೆಯೊಂದು ತಮ್ಮ ವಾಯುಪಡೆಯನ್ನು ಹೊಗಳಿದೆಯೆಂದು ಸೆನೆಟ್ಟಿನಲ್ಲೇ ಹೇಳಿದರು. ಅವರ ಆಧಾರ ಒಂದು ನಕಲಿ ಮುಖಪುಟ. ಅದು ನಕಲಿ ಎಂದು ಬರೆದದ್ದು ಅವರದೇ ದೇಶದ ‘ಡಾನ್’ ಪತ್ರಿಕೆ, ಭಾರತ-ಪಾಕಿಸ್ತಾನ ಸಂಘರ್ಷದ ಬಿಸಿ ಇನ್ನೂ ಆರದಿರುವಾಗ. ಅದೇ ಮೇ 8ರ ರಾತ್ರಿ ನಮ್ಮ ಹಲವು ವಾಹಿನಿಗಳು ಕರಾಚಿ ಬಂದರು ಧ್ವಂಸವಾಯಿತೆಂದು ಕೂಗಿದ್ದವು. ಅಲ್ಲಿ ಅಂಥದ್ದೇನೂ ಆಗಿರಲಿಲ್ಲ. ಆ ರಾತ್ರಿ ಪರೀಕ್ಷಿಸದೆ ಬಿಟ್ಟ ಅದೇ ಬಾಗಿಲಿನಿಂದಲೇ ನಾಳೆ ಬೀಜಿಂಗಿನದೋ ವಾಷಿಂಗ್ಟನ್ನಿನದೋ ಇಸ್ಲಾಮಾಬಾದಿನದೋ ಸುಳ್ಳು ಒಳಗೆ ಬರುತ್ತದೆ. ಒಂದೆರಡು ಕಡೆ ಕ್ಷಮೆ ಕೇಳಿದ್ದುಂಟು. ಉಳಿದವರೂ ಕೇಳಲಿ: ಅದೇ ರಾತ್ರಿಯ ಹೊತ್ತಿನಲ್ಲಿ, ಅದೇ ನಿರೂಪಕರ ಬಾಯಿಂದ, ಆ ಸುದ್ದಿ ತಮಗೆ ಯಾರು ಕೊಟ್ಟರೆಂಬುದನ್ನೂ ಸೇರಿಸಿ.